ಕಿಲೋ ಲೆಕ್ಕಕ್ಕೆ ಮಾರಿಹೋಗುವ ಧ್ವನಿ

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಸವಣೂರಿನ ಪೇಟೆಯಲ್ಲಿ ನಡೆದ ಒಂದು ಸಣ್ಣ ವ್ಯಾಪಾರವನ್ನು ಕಣ್ಣಾರೆ ಕಂಡೆ. ಹಳೆಯ ಮೈಕ್‌ಸೆಟ್ ಅಂಗಡಿಯೊಂದನ್ನು ತೆರವು ಮಾಡುತ್ತಿದ್ದರು. ಕಟ್ಟೆಯ ಮೇಲೆ ನೆಗ್ಗಿಹೋದ ಎರಡು ಧ್ವನಿವರ್ಧಕ ಕಹಳೆಗಳು, ಒಂದು ಆಂಪ್ಲಿಫೈಯರ್, ಅದರ ಪಕ್ಕದಲ್ಲಿ ನಾಲ್ಕು ಗೋಣಿಚೀಲ. ಚೀಲಗಳ ತುಂಬ ಇದ್ದುದು ಧ್ವನಿಸುರುಳಿಗಳು, ಅಂದರೆ ಕ್ಯಾಸೆಟ್ಟುಗಳು. ಬೆಂಗಳೂರಿನವರು ಗುಜರಿ ಎನ್ನುವುದನ್ನು ಈ ಕಡೆ ಮೋಡಕಾ ಎನ್ನುತ್ತಾರೆ. ಮೋಡಕಾ ವ್ಯಾಪಾರಿ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸಿ ಪ್ಲಾಸ್ಟಿಕ್ಕಿನ ದರ ಹೇಳಿದ. ಒಳಗಿನ ಸುರುಳಿಗೆ ಬೆಲೆಯಿಲ್ಲ, ಅದನ್ನು ಕಿತ್ತು ಎಸೆಯಬೇಕಾಗುತ್ತದೆ ಎಂದು ಅದಕ್ಕಾಗಿ ಒಂದಿಷ್ಟು ತೂಕವನ್ನೂ ಕಳೆದ.

ಅಂಗಡಿಯ ಹಿರಿಯರನ್ನು, ಕೊಡುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. "ಯಾರನ್ನ ಕೇಳೋಣ್ರಿ ಸರ? ಕೇಳಾವ್ರು ಉಳದಾರೇನ್ರಿ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಕ್ಕಡಿಗೆ ಹೋಗದ ಹನ್ನೆರಡು ಸುರುಳಿಗಳನ್ನು ಆರಿಸಿಕೊಂಡು ಬಂದೆ, ಅಷ್ಟೇ.

ಹಾಡಿನ ತಟ್ಟೆ, ಸುರುಳಿಗಳನ್ನು ಕೂಡಿಡುವುದು ಉಳ್ಳವರ ಖಯಾಲಿ ಎಂಬ ಭಾವನೆ ಇಂದು ಬಲವಾಗಿದೆ. ಅದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸುಮಾರು 4.1 ಕೋಟಿ ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ. 1987ರ ನಂತರ ತಟ್ಟೆ ಸಿ.ಡಿ.ಯನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ್ದು ಅದೇ ಮೊದಲು. ಆ ಗಾಳಿ ನಮ್ಮ ಮಹಾನಗರಗಳಿಗೂ ಬೀಸಿದೆ. ದುಬಾರಿ ಟರ್ನ್‌ಟೇಬಲ್, ಅದರ ಪಕ್ಕ ನಾಲ್ಕು ಎಲ್.ಪಿ.ಗಳನ್ನು ಅತಿಥಿಗಳಿಗೆ ಕಾಣುವಂತೆ ನಿಲ್ಲಿಸುವ ಮನೆಗಳು ಹೆಚ್ಚುತ್ತಿವೆ. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ನಾನು ಹೇಳಹೊರಟಿರುವ ಸಂಗ್ರಹ ಅದಲ್ಲ. ಅದು ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಊರುಗಳಲ್ಲಿ ಅಟ್ಟದ ಮೇಲೆ, ಟ್ರಂಕಿನೊಳಗೆ, ಮುಚ್ಚಿದ ಅಂಗಡಿಗಳ ಕತ್ತಲಲ್ಲಿ ಉಳಿದಿರುವಂಥದು. ಅದು ಯಾರ ಹೆಮ್ಮೆಯ ವಸ್ತುವೂ ಅಲ್ಲ. ಆದರೆ ಈ ಸೀಮೆಯ ನೂರು ವರ್ಷಗಳ ಸಂಗೀತಕ್ಕೆ ಇರುವ ಗ್ರಂಥಾಲಯ ಅದೊಂದೇ.

ಧ್ವನಿಮುದ್ರಿಕೆಯೊಂದು ಈ ಸೀಮೆಯಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಎಲ್ಲರೂ ಬಲ್ಲ ನಿದರ್ಶನವೊಂದಿದೆ. ಗದಗಿನ ಹುಡುಗನೊಬ್ಬ ಅಂಗಡಿಯಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಮರುಳಾದ. ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟ. ಆತ ಭೀಮಸೇನ ಜೋಶಿ. ಆ ತಟ್ಟೆಯ ಹಾಡಿನ ಅವಧಿ ಮೂರು ನಿಮಿಷದ ಆಸುಪಾಸು. ಆ ಹುಡುಗನಿಗೆ ಗುರು ದೊರೆತದ್ದು ಅಲೆದಾಟವೆಲ್ಲ ಮುಗಿದ ಮೇಲೆ, ಮನೆಯ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು ಅದೇ ಖಾನಸಾಹೇಬರ ಶಿಷ್ಯರು. ಗುರುಪರಂಪರೆ ಮನೆಯ ಬಾಗಿಲಲ್ಲೇ ಇತ್ತು ನಿಜ, ಆದರೆ ಹುಡುಗನನ್ನು ಎಬ್ಬಿಸಿದ್ದು ಅರಗಿನ ತಟ್ಟೆ.

ಇನ್ನೊಂದು ನಿದರ್ಶನ ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಾದರೂ ಹೆಸರಿನೊಡನೆ ಬಾಳಿನುದ್ದಕ್ಕೂ ಹೊತ್ತದ್ದು ಸವಣೂರಿನ ನೆರೆಯ ಹಾನಗಲ್ಲನ್ನು. 2009ರಲ್ಲಿ ಅವರು ತೀರಿಕೊಂಡಾಗ ಎಲ್ಲ ಶ್ರದ್ಧಾಂಜಲಿಗಳೂ ನೆನೆದದ್ದು ಅವರ ಗಂಭೀರ, ಪುರುಷ ಸದೃಶ ಕಂಠವನ್ನು. ಆದರೆ 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಹೊರತಂದ ತಟ್ಟೆಗಳಲ್ಲಿ ಇರುವುದು ಬೇರೆಯೇ ದನಿ: ತೆಳುವಾದದ್ದು, ಎತ್ತರದ ಸ್ಥಾಯಿಯದು, ಎಳೆಯ ಹೆಣ್ಣುಮಗಳದು. ಗಂಟಲಿನ ತೊಂದರೆ, ಅದಕ್ಕಾದ ಶಸ್ತ್ರಚಿಕಿತ್ಸೆಯ ಬಳಿಕ ಕಂಠ ಬದಲಾಯಿತು. ಮೊದಲಿನ ದನಿಗೆ ಇಂದು ಸಾಕ್ಷಿ ಹೇಳುವುದು ಆ ತಟ್ಟೆಗಳು ಮಾತ್ರ. ಅವು ಒಡೆದರೆ ನಮಗೆ ಉಳಿಯುವುದು ಒಬ್ಬ ಗಂಗೂಬಾಯಿ. ಇನ್ನೊಬ್ಬರು ಇದ್ದರೆಂಬುದನ್ನು ನಂಬಬೇಕಾಗುತ್ತದೆ, ಕೇಳಲಾಗುವುದಿಲ್ಲ.

ಆ ಕಾಲದ ತಟ್ಟೆ ಒಡೆಯುವುದು ಸುಲಭ. ಅರಗನ್ನು ಕಲ್ಲುಪುಡಿಯೊಡನೆ ಬೆರೆಸಿ ಒತ್ತಿದ ವಸ್ತು ಅದು. ಕೈಜಾರಿದರೆ ಹಂಚಿನಂತೆ ಚೂರಾಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು, ಮೂರೂವರೆ ನಿಮಿಷ. ಪ್ರತಿ ಮಗ್ಗುಲಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕಿತ್ತು. ಮುಳ್ಳು ಉಳಿಸಲು ಹೋಗಿ ತಟ್ಟೆ ಕೆಡಿಸಿದ ಮನೆಗಳೇ ಹೆಚ್ಚು. ಗಂಟೆಗಟ್ಟಲೆ ವಿಸ್ತರಿಸುತ್ತಿದ್ದ ರಾಗವನ್ನು ಗಾಯಕರು ಮೂರು ನಿಮಿಷಕ್ಕೆ ಇಳಿಸಿದ್ದೂ ಒಂದು ಕಲೆಯೇ. ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಮುದ್ರಿಕೆಗಳನ್ನು ಕೇಳಿದವರಿಗೆ ಇದು ಗೊತ್ತು.

ಈ ತಟ್ಟೆಗಳನ್ನು ನಮ್ಮ ಊರುಗಳಲ್ಲಿ ಕಾಪಾಡಿದವರು ಯಾರು? ಜಮೀನ್ದಾರರ ಕೆಲವು ಮನೆಗಳನ್ನು ಬಿಟ್ಟರೆ, ಮೈಕ್‌ಸೆಟ್ಟಿನವರು. ನಗರದ ಸಂಗೀತ ವಿಮರ್ಶಕರು ಇವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಮದುವೆ, ಜಾತ್ರೆ, ನಾಟಕದ ಮುನ್ನ, ಉರುಸು, ಮೊಹರಂ, ಗಣಪತಿ ಹಬ್ಬ ಎಲ್ಲಕ್ಕೂ ಅವರು ಬೇಕು. ಯಾವ ಹೊತ್ತಿಗೆ ಯಾವುದನ್ನು ಹಚ್ಚಬೇಕೆಂಬುದು ಅವರಿಗೆ ತಿಳಿದಿರುತ್ತಿತ್ತು. ಬೆಳಗಿನ ಜಾವಕ್ಕೆ ದಾಸರ ಪದ ಅಥವಾ ವಚನ, ಬೀಗರು ಬರುವ ಹೊತ್ತಿಗೆ ಶಹನಾಯಿ, ಊಟದ ಪಂಕ್ತಿಗೆ ಸಿನಿಮಾ ಹಾಡು, ರಾತ್ರಿಗೆ ನಾಟಕದ ಮಾತುಗಳ ತಟ್ಟೆ. 78ರ ತಟ್ಟೆ, ಇ.ಪಿ., ಎಲ್.ಪಿ., ಆಮೇಲೆ ಕ್ಯಾಸೆಟ್ಟು, ಕೊನೆಗೆ ಸಿ.ಡಿ. - ಒಂದು ಬಂದಾಗ ಹಿಂದಿನದನ್ನು ಅವರು ಎಸೆಯಲಿಲ್ಲ, ಅಟ್ಟಕ್ಕೆ ಏರಿಸಿದರು. ಯಾರಾದರೂ ಹಿರಿಯರು ಬಂದು ಇಂಥದೇ ಹಾಡು ಬೇಕೆಂದರೆ ಇಲ್ಲವೆನ್ನುವುದು ಅವರಿಗೆ ಅವಮಾನ. ವ್ಯಾಪಾರದ ಈ ಸ್ವಾಭಿಮಾನದಿಂದ ಬೆಳೆದ ಸಂಗ್ರಹಗಳು ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರುಗಳಂಥ ತಾಲ್ಲೂಕು ಊರುಗಳಲ್ಲಿ ಎಷ್ಟು ಇದ್ದವೋ, ಎಷ್ಟು ಉಳಿದಿವೆಯೋ ಯಾರೂ ಎಣಿಸಿಲ್ಲ.

ಕ್ಯಾಸೆಟ್ಟಿನ ಕಾಲದ ಕಥೆಯೇ ಬೇರೆ. ತಟ್ಟೆಯ ಯುಗದಲ್ಲಿ ಏನು ಮುದ್ರಣವಾಗಬೇಕೆಂಬುದನ್ನು ತೀರ್ಮಾನಿಸುತ್ತಿದ್ದುದು ಬಹುಮಟ್ಟಿಗೆ ಕಲ್ಕತ್ತದ ಡಂಡಂ ಕಾರ್ಖಾನೆಯ ಒಂದೇ ಕಂಪನಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಅಂಗೈಯಗಲದ ಸುರುಳಿಪೆಟ್ಟಿಗೆ 1980ರ ದಶಕದಲ್ಲಿ ಆ ಏಕಸ್ವಾಮ್ಯವನ್ನು ಮುರಿಯಿತು. ಸಣ್ಣ ಬಂಡವಾಳದವರೂ ಧ್ವನಿಮುದ್ರಣಕ್ಕೆ ಇಳಿದರು. ಕನ್ನಡ ಭಾವಗೀತೆ 1978ರ 'ನಿತ್ಯೋತ್ಸವ'ದೊಡನೆ ಕ್ಯಾಸೆಟ್ಟಿಗೆ ಬಂತು. ಬೆಂಗಳೂರಿನ ಸಂಗೀತಾ, ಲಹರಿ ಕಂಪನಿಗಳ ಸುರುಳಿಗಳು ಬೀದರಿನಿಂದ ಕೊಳ್ಳೇಗಾಲದವರೆಗೆ ತಲುಪಿದವು. ಅದರ ಜೊತೆಗೇ ಗೀಗೀ ಪದ, ಲಾವಣಿ, ದೊಡ್ಡಾಟ, ಸಣ್ಣಾಟ, ಭಜನೆ, ಪುರಾಣ ಪ್ರವಚನಗಳು ಮೊದಲ ಬಾರಿಗೆ ಮಾರಾಟದ ಸರಕಾದವು. ಊರಿನ ಮೇಳದವರು ತಮ್ಮದೇ ಹಾಡನ್ನು ತಾವೇ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಕೇಳುವುದು ಸಾಧ್ಯವಾಯಿತು. ಆ ಸಣ್ಣ ಕಂಪನಿಗಳಲ್ಲಿ ಬಹಳಷ್ಟು ಇಂದು ಇಲ್ಲ. ಮೂಲ ಸುರುಳಿಗಳು ಯಾರ ಬಳಿ ಇವೆ ಎಂದು ಹೇಳುವವರೂ ಇಲ್ಲ. ಅವರು ಮಾರಿದ ಪ್ರತಿಗಳು ಮಾತ್ರ ಉಳಿದಿವೆ, ಮೋಡಕಾದವನ ಕೈಗೆ ಸಿಗುವವರೆಗೆ.

ಹಾಗೆಂದು ಕ್ಯಾಸೆಟ್ಟನ್ನು ಅಪ್ಪಟ ಉಪಕಾರಿಯೆಂದು ಬಗೆಯುವುದೂ ಸರಿಯಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫಸಾಹೇಬರನ್ನೇ (1819-1889) ತೆಗೆದುಕೊಳ್ಳಿ. ಸಿ. ಅಶ್ವಥ್ ಅವರ ದನಿ ಕ್ಯಾಸೆಟ್ಟಿನಲ್ಲಿಯೂ ಮುಂದೆ 1990ರ 'ಸಂತ ಶಿಶುನಾಳ ಷರೀಫ' ಚಿತ್ರದಲ್ಲಿಯೂ ಷರೀಫರ ತತ್ವಪದಗಳನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಅದು ದೊಡ್ಡ ಕೆಲಸ. ಆದರೆ ಆ ಧಾಟಿಯೇ ಷರೀಫರ ಧಾಟಿ ಎಂಬ ನಂಬಿಕೆಯೂ ಅದರೊಡನೆ ಬೆಳೆಯಿತು. ಇಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡುವ ಮಕ್ಕಳು, ಅಷ್ಟೇಕೆ, ಅನೇಕ ಭಜನಾ ಮೇಳಗಳೂ ಕ್ಯಾಸೆಟ್ಟಿನ ಮಟ್ಟನ್ನೇ ಹಿಡಿದಿವೆ.

ನಾನು ಸವಣೂರಿನಿಂದ ತಂದ ಹನ್ನೆರಡು ಸುರುಳಿಗಳಲ್ಲಿ ಒಂದರ ಮೇಲೆ ಅಚ್ಚಿನ ಹೊದಿಕೆಯಿರಲಿಲ್ಲ. ನೀಲಿ ಶಾಯಿಯಲ್ಲಿ 'ಶಿಶುನಾಳ ಜಾತ್ರಿ, ಭಜನಿ' ಎಂದಷ್ಟೇ ಬರೆದಿತ್ತು. ಯಾರೋ ಟೇಪ್‌ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಮಾಡಿದ ಮುದ್ರಣ. ಸುರುಳಿಯನ್ನು ಒತ್ತುವ ಪುಟ್ಟ ಉಣ್ಣೆತುಂಡು ಉದುರಿಹೋಗಿತ್ತು. ಬೇರೊಂದರದನ್ನು ಅಂಟಿಸಿ, ಪೆನ್ಸಿಲ್ಲಿನಿಂದ ಹಿಂದೆ ಮುಂದೆ ಸುತ್ತಿ, ಅಂಜುತ್ತಲೇ ಹಚ್ಚಿದೆ. ನಡುನಡುವೆ ಮಗುವಿನ ಅಳು, ಯಾರನ್ನೋ ಕೂಗುವ ದನಿ. ಏಕತಾರಿ, ದಮ್ಮಡಿಗಳ ಹಿನ್ನೆಲೆಯಲ್ಲಿ ನಾಲ್ಕೈದು ಮಂದಿ ಷರೀಫರ ಪದವೊಂದನ್ನು ಹಾಡುತ್ತಾರೆ. ಪದ ನನಗೆ ಬಾಯಿಪಾಠ, ಮಟ್ಟು ಮಾತ್ರ ಹಿಂದೆಂದೂ ಕೇಳಿದ್ದಲ್ಲ. ಪಲ್ಲವಿಯನ್ನು ಅವರು ನಿಧಾನಕ್ಕೆ, ಸವಾಲು ಹಾಕುವಂತೆ, ಪ್ರತಿ ಸಲವೂ ಒಬ್ಬೊಬ್ಬರು ಎತ್ತಿಕೊಳ್ಳುತ್ತಾರೆ. ಅದನ್ನು ಹಾಡಿದವರು ಯಾರು, ಯಾವ ಊರಿನವರು, ಯಾವ ವರ್ಷ ಎಂಬುದಾವುದೂ ಹೊದಿಕೆಯ ಮೇಲಿಲ್ಲ. ಅಂಥ ಮುದ್ರಣಕ್ಕೆ ಎರಡನೆಯ ಪ್ರತಿ ಇರುವ ಸಂಭವವಿಲ್ಲ. ಓಲೆಗರಿಯ ಕಟ್ಟೊಂದಕ್ಕೂ ಈ ಸುರುಳಿಗೂ ಏನು ವ್ಯತ್ಯಾಸವೆಂದು ಅಂದು ರಾತ್ರಿ ನನ್ನನ್ನೇ ಕೇಳಿಕೊಂಡೆ.

ವ್ಯತ್ಯಾಸ ಇರುವುದು ಸರ್ಕಾರದ ದೃಷ್ಟಿಯಲ್ಲಿ. ಹಸ್ತಪ್ರತಿಗಳಿಗಾಗಿ ಕೇಂದ್ರ ಸರ್ಕಾರ 2003ರಲ್ಲಿಯೇ ರಾಷ್ಟ್ರೀಯ ಅಭಿಯಾನ ಆರಂಭಿಸಿತು. 2025ರ ಮುಂಗಡಪತ್ರದಲ್ಲಿ 'ಜ್ಞಾನ ಭಾರತಂ' ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಯೋಜನೆ ಪ್ರಕಟವಾಯಿತು. ಸ್ವಾಗತಾರ್ಹವೇ. ಮುದ್ರಿತ ಪುಸ್ತಕಕ್ಕೂ ರಕ್ಷಣೆಯಿದೆ: 1954ರ ಕಾಯ್ದೆಯಂತೆ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು, 1956ರಲ್ಲಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಲಾಯಿತು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರ 'ಭಾರತ ಸಿಂಧುರಶ್ಮಿ'ಯನ್ನು ನೂರು ವರ್ಷಗಳ ನಂತರ ಹುಡುಕುವವನಿಗೆ ಒಂದು ವಿಳಾಸವಿದೆ. ಅದೇ ಸವಣೂರಿನ ಪೇಟೆಯಲ್ಲಿ ಮಾರಾಟವಾದ ಗೀಗೀ ಪದದ ಕ್ಯಾಸೆಟ್ಟಿಗೆ ಯಾವ ವಿಳಾಸವೂ ಇಲ್ಲ. ಆ ಕಾಯ್ದೆಯಲ್ಲಿ ಧ್ವನಿಮುದ್ರಿಕೆಯ ಪ್ರಸ್ತಾಪವೇ ಇಲ್ಲ. ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಕೇಂದ್ರವಿದೆಯಲ್ಲ ಎಂದು ಕೇಳುವವರಿದ್ದಾರೆ. ಆಕಾಶವಾಣಿ ಕೂಡಿಡುವುದು ತನ್ನ ಪ್ರಸಾರದ ಸರಕನ್ನು, ಊರಿನ ಅಟ್ಟದ ಸರಕನ್ನಲ್ಲ.

ಎಲ್ಲವೂ ಈಗ ಮೊಬೈಲಿನಲ್ಲಿ ಸಿಗುತ್ತದಲ್ಲ, ಈ ಧೂಳಿನ ಗೊಡವೆ ಏಕೆ ಎಂಬುದು ಇನ್ನೊಂದು ವಾದ. ಮೊದಲನೆಯದಾಗಿ, ಎಲ್ಲವೂ ಸಿಗುವುದಿಲ್ಲ; ವ್ಯಾಪಾರಕ್ಕೆ ಒದಗುವುದು ಸಿಗುತ್ತದೆ. ಸಿಗುವುದಾದರೂ ನಮ್ಮದಲ್ಲ, ಕಡ. ನಮ್ಮ ದೇಶದಲ್ಲಿ ರೆಸ್ಸೊ 2024ರ ಜನವರಿಯಲ್ಲಿ ಮುಚ್ಚಿತು. ಕೋಟ್ಯಂತರ ಚಂದಾದಾರರ ದೂರವಾಣಿ ಕಂಪನಿಯ ವಿಂಕ್ ಸಂಗೀತ ಸೇವೆಯೂ ಅದೇ ವರ್ಷ ನಿಂತಿತು. ಗೂಗಲ್‌ನ ಪ್ಲೇ ಮ್ಯೂಸಿಕ್ 2020ರಲ್ಲೇ ಕೊನೆಗೊಂಡಿತ್ತು. ಇಂಥ ಸೇವೆ ನಿಂತಾಗ ಕೇಳುಗನ ಕೈಯಲ್ಲಿ ಉಳಿಯುವ ವಸ್ತುವೇನೂ ಇಲ್ಲ. ಕ್ಯಾಸೆಟ್ ಅಂಗಡಿ ಮುಚ್ಚಿದಾಗ ಕೊಂಡವರ ಕ್ಯಾಸೆಟ್ಟುಗಳು ಅವರ ಮನೆಯಲ್ಲೇ ಉಳಿದಿದ್ದವು.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಇದೆ. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಕವಿ ಯಾರು, ರಾಗಸಂಯೋಜನೆ ಯಾರದು, ತಬಲಾ, ಹಾರ್ಮೋನಿಯಂ, ಕೊಳಲು ಯಾರದೆಂಬ ವಿವರ ಅಚ್ಚಾಗಿರುತ್ತಿತ್ತು. ಎಷ್ಟೋ ಸಲ ಇಡೀ ಸಾಹಿತ್ಯವೂ. ಮೊಬೈಲಿನ ಪರದೆಯ ಮೇಲೆ ಉಳಿಯುವುದು ಗಾಯಕನ ಹೆಸರು, ಅದೂ ಕಾಗುಣಿತ ತಪ್ಪಿ. ಹಿನ್ನೆಲೆ ವಾದ್ಯದವನು ಅಲ್ಲಿಗೆ ಇತಿಹಾಸದಿಂದ ಹೊರಬಿದ್ದಂತೆ. ಇಡಿಯಾಗಿ ಕೇಳುವ ಅಭ್ಯಾಸವೂ ಹೋಯಿತು. 'ಎ' ಮಗ್ಗುಲಿನ ಕೊನೆಯ ಹಾಡು, ತಿರುವಿ ಹಾಕುವ ಬಿಡುವು, 'ಬಿ' ಮಗ್ಗುಲಿನ ಮೊದಲ ಹಾಡು ಇವೆಲ್ಲ ಸಂಯೋಜಕರು ಯೋಚಿಸಿ ಇಟ್ಟ ಕ್ರಮ. ನನ್ನ ತಲೆಮಾರಿನವರಿಗೆ ಇಂದಿಗೂ ಒಂದು ಭಾವಗೀತೆ ಮುಗಿದೊಡನೆ ಮುಂದಿನದು ಕಿವಿಯೊಳಗೆ ತಾನಾಗಿ ಶುರುವಾಗುತ್ತದೆ. ಇದನ್ನು ಹಳಹಳಿಕೆ ಎನ್ನುವವರು ಎನ್ನಲಿ.

ಮುಖ್ಯ ಸಂಗತಿ ಕಾನೂನಿನದು. ಧ್ವನಿಮುದ್ರಿಕೆಯ ಕೃತಿಸ್ವಾಮ್ಯ ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಗಾಂಧಾರಿ ಹಾನಗಲ್ ಹೆಸರಿನ ತಟ್ಟೆಗಳ ಮೇಲಿನ ಆ ಹಕ್ಕು ಎಂದೋ ಮುಗಿದಿದೆ. 1985ರಲ್ಲಿ ಹೊರಬಂದ ಕ್ಯಾಸೆಟ್ಟು ಬಿಡುಗಡೆಯಾಗುವುದು 2046ರ ಜನವರಿ 1ಕ್ಕೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು, ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕಾದು, ಕಂದು ಪುಡಿ ಉದುರಿಸುತ್ತಿರುವ ಸುರುಳಿ ಇನ್ನೂ ಎರಡು ದಶಕ ಬಾಳುತ್ತದೆಂದು ನಂಬುವುದು ಕಷ್ಟ. ಅಂದರೆ, ಹಕ್ಕು ಮುಗಿಯುವ ಹೊತ್ತಿಗೆ ಹಾಡು ಮುಗಿದಿರುತ್ತದೆ.

ಕಾನೂನು ಒಂದು ಕಿಂಡಿಯನ್ನೂ ತೆರೆದಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ಕಲಂ 52(1)(ಎನ್) ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯೊಂದನ್ನು ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಬಹುದು, ಅದು ಉಲ್ಲಂಘನೆಯಾಗದು. ಷರತ್ತು ಒಂದೇ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಆ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿ ಧ್ವನಿಮುದ್ರಿಕೆಯೂ ಕೃತಿಯೇ. ನಾನು ವಸ್ತುವನ್ನೇ ಹಿಡಿದು ಕೂತಿರುವುದು ಈ ಕಾರಣಕ್ಕೆ. ಆ ಗೋಣಿಚೀಲ ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದ ಬಾಗಿಲಿಗೆ ಹೋಗಿದ್ದರೆ ಒಳಗಿದ್ದ ಪ್ರತಿ ಹಾಡನ್ನೂ ಯಾರ ಅಪ್ಪಣೆಗೂ ಕಾಯದೆ ಉಳಿಸಬಹುದಿತ್ತು. ಮೋಡಕಾಕ್ಕೆ ಹೋದ ಮೇಲೆ ಉಳಿಸುವ ವಸ್ತುವೂ ಇಲ್ಲ, ಹಕ್ಕೂ ಇಲ್ಲ.

ಗ್ರಂಥಾಲಯಗಳಿಗೆ ಹಣವಿಲ್ಲವೆಂಬ ಮಾತು ಕೂಡಲೇ ಬರುತ್ತದೆ. ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ತೆರುತ್ತೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಬೇಕಾಗಿರುವುದಾದರೂ ಏನು? ಸುಸ್ಥಿತಿಯ ಎರಡು ಕ್ಯಾಸೆಟ್ ಡೆಕ್, 78ರ ತಟ್ಟೆಗೆ ಬೇಕಾದ ದಪ್ಪ ಮುಳ್ಳಿನ ಸಹಿತ ಒಂದು ಟರ್ನ್‌ಟೇಬಲ್, ಒಂದು ಕಂಪ್ಯೂಟರ್, ತಾಳ್ಮೆಯುಳ್ಳ ಇಬ್ಬರು ತರುಣರು. ಇಲ್ಲಿ ಅವಸರ ನಡೆಯದು. ಅರವತ್ತು ನಿಮಿಷದ ಸುರುಳಿಯನ್ನು ಇಳಿಸಲು ಅರವತ್ತು ನಿಮಿಷವೇ ಬೇಕು. ಸಾವಿರ ಸುರುಳಿಗೆ ಸಾವಿರ ಗಂಟೆ. ಒಂದು ಡೆಕ್‌ನಲ್ಲಿ ದಿನಕ್ಕೆ ಆರು ಗಂಟೆ ದುಡಿದರೂ 167 ದಿನ. ಒಂದು ತಾಲ್ಲೂಕಿಗೆ ಒಂದು ವರ್ಷವೆಂದು ಹಿಡಿದರೆ ತಪ್ಪಾಗದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಈ ಧ್ವನಿಗಳನ್ನು ಗುರುತಿಸಿ, ಹಾಡಿದವರ ಹೆಸರು ಕೇಳಿ ಬರೆದಿಡಲು ಅಲ್ಲಿನ ವಿದ್ಯಾರ್ಥಿಗಳಿಗಿಂತ ತಕ್ಕವರು ಯಾರು? ಗ್ರಂಥಾಲಯ ವಸ್ತುವನ್ನು ಪಡೆಯಲಿ, ವಿಶ್ವವಿದ್ಯಾಲಯ ವಿವರವನ್ನು ಬರೆಯಲಿ.

ಬೇರೆಡೆ ಇದು ಆಗಿದೆ. ಮುಂಬಯಿಯ ಸಂಗ್ರಾಹಕರು 1990ರಲ್ಲಿ ಸಂಘ ಕಟ್ಟಿಕೊಂಡು ಪತ್ರಿಕೆಯನ್ನೇ ನಡೆಸಿದರು. ಅಂಥವರ ಬಳಿಯಿದ್ದ 'ಯಂಗ್ ಇಂಡಿಯಾ', 'ಓಡಿಯನ್' ಮುದ್ರೆಯ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರಲು ಲಂಡನ್ನಿನ ಬ್ರಿಟಿಷ್ ಲೈಬ್ರರಿ ನೆರವು ನೀಡಿತು. ನಮ್ಮ ತಟ್ಟೆಗಳ ಮೇಲೆ ಲಂಡನ್ನಿಗಿರುವ ಕಾಳಜಿ ಹಾವೇರಿಗೆ ಏಕಿರಬಾರದೆಂಬುದು ಕಹಿ ಪ್ರಶ್ನೆ. ಹಾಗೆಯೇ ಸಂಗ್ರಾಹಕರಿಗೂ ಒಂದು ಮಾತು ಹೇಳಬೇಕು. ಅಪರೂಪದ ತಟ್ಟೆಯನ್ನು ಬೀರುವಿನಲ್ಲಿ ಬೀಗ ಹಾಕಿ, ಅದು ತಮ್ಮೊಬ್ಬರ ಬಳಿಯೇ ಇದೆಯೆಂದು ಹಿಗ್ಗುವವರನ್ನು ನಾನು ಕಂಡಿದ್ದೇನೆ. ಅವರು ಸತ್ತ ಮೇಲೆ ಮಕ್ಕಳು ಕರೆಯುವುದು ಅದೇ ಮೋಡಕಾದವನನ್ನು.

ಹಾನಗಲ್ ತಾಲ್ಲೂಕು ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕೊಟ್ಟ ನೆಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರು ಈ ಸೀಮೆಯ ಹಳ್ಳಿಗಳಲ್ಲಿ ನಡೆಸಿದ ಕೀರ್ತನೆ, ಪುರಾಣಗಳನ್ನು ಭಕ್ತರು ತಮ್ಮ ತಮ್ಮ ಟೇಪುಗಳಲ್ಲಿ ಹಿಡಿದಿಟ್ಟಿದ್ದಾರೆ. ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾದರು. ಅವರನ್ನು ಮಡಿಲ ಟೇಪಿನಲ್ಲಿ ಮುದ್ರಿಸಿಕೊಂಡವರು ಇಂದು ಎಪ್ಪತ್ತು, ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಹೊದಿಕೆಯಿಲ್ಲದ ಸುರುಳಿಯಲ್ಲಿ ಇರುವುದು ಯಾರ ದನಿಯೆಂದು ಹೇಳಬಲ್ಲವರು ಅವರೊಬ್ಬರೇ.

ಸವಣೂರಿನ ಆ ಅಂಗಡಿಗೆ ಮೊನ್ನೆ ಮತ್ತೆ ಹೋಗಿದ್ದೆ. ಈಗ ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಅಟ್ಟದ ಮೇಲೆ ಇನ್ನೂ ಎರಡು ಟ್ರಂಕುಗಳಿವೆಯೆಂದು, ಅವು ತಂದೆಯ ಕಾಲದ ತಟ್ಟೆಗಳೆಂದು ಹಿರಿಯರು ಹೇಳಿದರು. ಅವಕ್ಕೆ ಪ್ಲಾಸ್ಟಿಕ್ಕಿನ ದರವೂ ಹುಟ್ಟುವುದಿಲ್ಲವೆಂದು ಮೋಡಕಾದವನು ಬಿಟ್ಟುಹೋಗಿದ್ದಾನಂತೆ. ದೀಪಾವಳಿಗೆ ಸುಣ್ಣ ಹಚ್ಚಿಸುವಾಗ ಅಟ್ಟವನ್ನು ಖಾಲಿ ಮಾಡಿಸುತ್ತಾರೆ.